ರಸ್ಕು ಪಣಕ್ಕಿಟ್ಟು ಪೋಕರ್ ಆಡಿದ್ದು

ನಮ್ಮ ಬೇಕರಿಯಲ್ಲಿ ಹಗಲು ಪಾಳಿಯ ಒಂದು ಜಾಗ ಖಾಲಿಯಾಯಿತು. ಕೇಳಿದವರು ರಾತ್ರಿ ಪಾಳಿಯ ಮೂವರು: ಹಿಟ್ಟು ನಾದುವ ಹಿಟ್ಟಣ್ಣ, ಪ್ಯಾಕಿಂಗ್ ಅಕ್ಕ, ಓವನ್ ಮುಂದೆ ನಿಂತು ನಿಂತು ಅರ್ಧ ಬೆಂದಿರುವ ನಾನು. “ನೀವೇ ಮಾತಾಡ್ಕೊಂಡು ಒಬ್ರನ್ನ ಕಳ್ಸಿ, ನನ್ ತಲೆ ತಿನ್ಬೇಡಿ,” ಎಂದು ಮಾಲೀಕರು ಕೈ ತೊಳೆದುಕೊಂಡರು.

ನನಗೆ ಆ ಜಾಗ ಬೇಕೇ ಬೇಕಿತ್ತು. ಮಗಳಿಗೆ ಆಗಷ್ಟೇ ಹಲ್ಲು ಬರುತ್ತಿತ್ತು. ನಾನು ಬೆಳಿಗ್ಗೆ ಮನೆಗೆ ಹೋಗಿ ಹಾಸಿಗೆಗೆ ಬಿದ್ದರೆ ಏಳುವುದು ಸಂಜೆ, ಅವಳು ಮಲಗುವ ಹೊತ್ತಿಗೆ. ಹಲ್ಲು ಬಂದಿದೆ ಅನ್ನುವುದೂ ಹೆಂಡತಿ ಹೇಳಿಯೇ ಗೊತ್ತು.

ಚೀಟಿ ಎತ್ತೋಣ ಎಂದರು ಅಕ್ಕ. ಹೂಂ ಅಂದಿದ್ದರೆ ಮುಗಿದಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ!

“ಚೀಟಿ ಮಕ್ಳಾಟ ಅಕ್ಕಾ. ಪೋಕರ್ ಆಡೋಣ. ಹಡಗಿನ ಕ್ಯಾಪ್ಟನ್‌ಗೇ ಕಲಿಸ್ದೋನು ನಾನು.”

“ನೀನು ಹಡಗು ನೋಡಿರೋದು ಕ್ಯಾಲೆಂಡರಲ್ಲಿ,” ಎಂದ ಹಿಟ್ಟಣ್ಣ.

ನಿಜ ಹೇಳಬೇಕೆಂದರೆ, ಒಂದು ಲಾಡ್ಜಿಗೆ ಬ್ರೆಡ್ಡು ಕೊಡಲು ಹೋದಾಗ ಅಲ್ಲಿನ ಅಡುಗೆಯವರು ಆಡುವುದನ್ನು ಕಿಟಕಿಯಿಂದ ಇಣುಕಿದ್ದೆ. ನನ್ನ ವಿದ್ಯೆ ಅಷ್ಟೇ. ಆದರೂ ಮೈದಾ ಮೂಟೆಯ ಮೇಲೆ ಕೂತು ಗುರುಗಳ ಹಾಗೆ ಗಂಟಲು ಸರಿಮಾಡಿಕೊಂಡೆ.

“ತಲೆಗೆ ಐದೈದು ಇಸ್ಪೀಟ್ ಎಲೆ. ನೋಡ್ಕೊಂಡು ಒಂದ್ಸಲ ಪಣ ಕಟ್ಟೋದು. ಬೇಡದ ಎಲೆ ಬಿಸಾಕಿ, ಬಿಸಾಕಿದಷ್ಟೇ ಹೊಸಾದು ತಗೊಳ್ಳೋದು. ಮತ್ತೆ ಪಣ. ಕೊನೆಗೆ ತೋರ್ಸೋದು. ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಥರದ್ದು ಮೂರು. ಮೂರರ ಜೊತೆ ಒಂದು ಜೋಡಿನೂ ಇದ್ರೆ ಮನೆ ತುಂಬ್ತು ಅಂತ ಲೆಕ್ಕ.”

“ಏನೂ ಇಲ್ದಿದ್ರೆ?” ಎಂದರು ಅಕ್ಕ.

“ಇದೆ ಅನ್ನೋ ಥರ ಕೂತ್ಕೊಳ್ಳೋದು. ಮುಖ ಗೋಡೆ ಥರ ಇರ್ಬೇಕು. ನನ್ ಮುಖ ನೋಡಿ.”

“ನೋಡ್ದೆ. ಸುಣ್ಣ ಬಳೀಬೇಕು.”

ಮುರಿದು ಮಾರಾಟಕ್ಕೆ ಬಾರದ ರಸ್ಕಿನ ಚೂರುಗಳನ್ನು ಪಣಕ್ಕೆಂದು ಸಮವಾಗಿ ಹಂಚಿಕೊಂಡೆವು. ಕೊನೆಯವರೆಗೆ ಆಟದಲ್ಲಿ ಉಳಿದವರಿಗೆ ಹಗಲು ಪಾಳಿ.

ಹಿಟ್ಟಣ್ಣನ ರಾಶಿ ಬೇಗ ಕರಗಿತು. ಒಂದಾಟದಲ್ಲಿ ನನ್ನ ಪಣಕ್ಕೆ ಸಮ ಇಡಲು ಅವನಿಗೆ ಕಡಿಮೆ ಬಿತ್ತು. “ಇರೋಷ್ಟು ಇಡ್ತೀನಿ ಕಣೋ,” ಎಂದ. ಅವನ ಹಲ್ಲುಕಿರಿತ ನೋಡಿದರೆ ಕೈಯಲ್ಲಿ ಭಾರಿ ಎಲೆಯೇ ಇದ್ದಂತಿತ್ತು. ನಾನು ನಿಂತ ನಿಲುವಿನಲ್ಲೇ ಒಂದು ಕಾನೂನು ಹೆತ್ತೆ. “ಸಮ ಇಡಕ್ಕಾಗ್ದೋನು ಆಟ ಬಿಟ್ಟು ಏಳ್ಬೇಕು. ಇಂಟರ್‌ನ್ಯಾಷನಲ್ ರೂಲು.” ಪಾಪ, ಎದ್ದ.

ಉಳಿದವರು ನಾನು ಮತ್ತು ಅಕ್ಕ. ಅಕ್ಕ ಎಲೆ ಹಿಡಿಯುವುದೂ ಪೊಟ್ಟಣ ಕಟ್ಟಿದ ಹಾಗೆಯೇ, ಅಂಚಿಗೆ ಅಂಚು ಕೂರಿಸಿ, ಮಾತಿಲ್ಲದೆ. ನಾನು ಕೈಯಲ್ಲಿ ಕಸ ಹಿಡಿದು ದೊರೆಯ ಹಾಗೆ ಪಣ ಕಟ್ಟಿದಾಗಲೆಲ್ಲ ಅವರು ಬಿಡದೆ ಕೂತು ಬಾಚಿಕೊಂಡರು. ನನ್ನ ಬೆನ್ನ ಹಿಂದೆ ಕನ್ನಡಿ ಏನಾದರೂ ಇದೆಯೋ ಎಂದು ತಿರುಗಿಯೂ ನೋಡಿದೆ. ಜರಡಿ ಇತ್ತು.

ಕೊನೆಗೆ ನನಗೆ ಬಂದವು ನೋಡಿ ಎಲೆಗಳು: ಎರಡು ರಾಜ, ನಾಲ್ಕರ ಎಲೆ ಎರಡು, ಕೆಲಸಕ್ಕೆ ಬಾರದ ದಂಡದ್ದು ಒಂದು. ದಂಡವನ್ನು ಬಿಸಾಕಿ ಹೊಸದನ್ನು ಎತ್ತಿದೆ. ಮೂರನೆಯ ರಾಜ! ಮನೆ ತುಂಬಿತು. ಎದೆ ಹಿಟ್ಟು ನಾದುವ ಯಂತ್ರದಂತೆ ಧಡಧಡ ಬಡಿಯಿತು. ಮಗಳ ಹಲ್ಲು ಕಣ್ಣ ಮುಂದೆಯೇ ಹೊಳೆಯಿತು. ಆದರೂ ಮುಖವನ್ನು ಗೋಡೆ ಮಾಡಿಕೊಂಡು ಕೂತೆ.

ಅಕ್ಕ ನನ್ನನ್ನೊಮ್ಮೆ ನೋಡಿ, ದೊಡ್ಡ ರಾಶಿಯನ್ನೇ ಮುಂದಕ್ಕೆ ತಳ್ಳಿದರು.

ಸಮ ಇಡಲು ನನ್ನ ರಾಶಿಗೆ ಕೈ ಹಾಕಿದೆ. ರಾಶಿ ಎಲ್ಲಿದೆ? ಒಂದು ಚೂರು, ಉಳಿದದ್ದೆಲ್ಲ ಪುಡಿ. ಬಾಯಲ್ಲಿ ಏನೋ ಕುರುಕ್ ಎಂದಿತು.

“ನನ್ ರಸ್ಕೆಲ್ಲ ಎಲ್ಹೋಯ್ತು?”

“ಆಗ್ಲಿಂದ ಮೇಯ್ತಿದೀಯಲ್ಲೋ,” ಎಂದ ಹಿಟ್ಟಣ್ಣ. “ಏಳು ಏಳು, ಇಂಟರ್‌ನ್ಯಾಷನಲ್ ರೂಲು.”

“ಹೊಟ್ಟೇಲಿರೋದೂ ನಂದೇ ತಾನೆ? ಅದನ್ನೂ ಲೆಕ್ಕಕ್ಕೆ ಹಿಡೀರಿ!”

“ಹಿಡಿಯೋಣ. ಹೊಟ್ಟೆ ತೆಗೆದು ಟೇಬಲ್ ಮೇಲಿಡು,” ಎಂದರು ಅಕ್ಕ.

ಸೋತು ಎಲೆ ಬಿಚ್ಚಿಟ್ಟೆ. ಅಕ್ಕ ಬಾಯಿ ಬಿಟ್ಟುಕೊಂಡು ನೋಡಿದರು. ಅವರ ಐದು ಎಲೆಗಳಲ್ಲಿ ಒಂದು ಜೋಡಿಯೂ ಇರಲಿಲ್ಲ.

“ಕೈ ಖಾಲಿ ಇದ್ದಾಗೆಲ್ಲ ನೀನು ರಸ್ಕು ಕಡೀತಿದ್ದೆ ತಮ್ಮಾ. ಈಗ್ಲೂ ಖಾಲಿ ಅನ್ಕೊಂಡು ನಾನು ಹೆದರಿಸ್ದೆ. ಇದು ಖುಷಿಗೆ ತಿಂದಿದ್ದು ಅಂತ ನಂಗೇನ್ ಗೊತ್ತು?”

ಗೆದ್ದದ್ದು ಗೆದ್ದದ್ದೇ, ಹಗಲು ಪಾಳಿ ಅಕ್ಕನಿಗೆ ಹೋಯಿತು. ಲಾಡ್ಜಿನ ಅಡುಗೆಯವನು ಆಮೇಲೆ ಹೇಳಿದ: ಉಳಿದ ಆ ಒಂದು ಚೂರನ್ನೇ ಇಟ್ಟು ನಾನು ಆಟದಲ್ಲಿ ಕೂರಬಹುದಿತ್ತಂತೆ. ಅವನಿಗೆ ಬ್ರೆಡ್ಡು ಕೊಟ್ಟು ಬಂದೆ.

ಪಾಳಿ ಹೋದರೆ ಹೋಗಲಿ, ನಿದ್ದೆಯನ್ನೇ ಬಿಡುತ್ತೇನೆ ಎಂದು ತೀರ್ಮಾನಿಸಿದೆ. ಮರುದಿನ ಬೆಳಿಗ್ಗೆ ಮನೆಗೆ ಹೋದವನು ಹಾಸಿಗೆಯ ಕಡೆ ತಿರುಗದೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ನಕ್ಕಳು. ಕೆಳಗೆ ಎರಡು ಹಲ್ಲು, ಸಕ್ಕರೆ ಹರಳಿನ ಹಾಗೆ! ಆ ಖುಷಿಗೆ ಆಟದ ಕಥೆ ಶುರು ಮಾಡಿದೆ. ಕಥೆಯಲ್ಲಿ ಅಕ್ಕನ ಪಕ್ಕಕ್ಕೆ ಇನ್ನೂ ನಾಲ್ಕು ಜನ ಜಟ್ಟಿಗಳು ಬಂದು ಕೂತರು, ಎಲ್ಲರನ್ನೂ ಮಣ್ಣು ಮುಕ್ಕಿಸಿದೆ. ತಲೆ ಬಗ್ಗಿಸಿ ನೋಡಿದರೆ ಮಗಳಿಗೆ ಗಡದ್ದು ನಿದ್ದೆ.

“ಅಯ್ಯೋ, ಈಗಿನ್ನೂ ಎದ್ದಿದ್ಳಲ್ಲೇ!”

“ನೀವು ಮಾತು ಶುರು ಮಾಡಿದ್ರೆ ಇನ್ನೇನಾಗತ್ತೆ?” ಎಂದಳು ಹೆಂಡತಿ. “ಅವಳ ಹಲ್ಲು ನೋಡ್ಬೇಕಾದ್ರೆ ನೀವು ಬಾಯಿ ಮುಚ್ಕೊಂಡಿರಿ.”