ಸಾಹುಕಾರನ ದೀಪ

ಓಡುತ್ತಿರುವ ಯಂತ್ರವನ್ನು ಮುಟ್ಟಬಾರದು. ಮೂವತ್ತೈದು ವರ್ಷ ಫ್ಯಾನು, ಇಸ್ತ್ರಿಪೆಟ್ಟಿಗೆ, ಹೊಲಿಗೆ ಮಿಷನ್ನಿನ ಮೋಟಾರು ರಿಪೇರಿ ಮಾಡಿದ ನನಗೆ ಗೊತ್ತಿರುವ ವೇದಾಂತ ಇಷ್ಟೇ. ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳದು ಇದಕ್ಕೆ ತದ್ವಿರುದ್ಧ. ಹೊಳೆಯುತ್ತಿರುವ ಮಾತ್ರೆಯನ್ನೂ ತಾರೀಖು ಮುಗಿಯಿತೆಂದು ಕಸಕ್ಕೆ ಹಾಕುವ ಕೆಲಸ. ಮನೆಯಲ್ಲೂ ಹಿಟ್ಟಿನ ಡಬ್ಬಿಯಿಂದ ಹಿಡಿದು ಹಲ್ಲುಜ್ಜುವ ಬ್ರಷ್ಷಿನವರೆಗೆ ಎಲ್ಲದರ ಮೇಲೂ ತಾರೀಖು ಬರೆಯುತ್ತಿದ್ದಳು.

"ನನ್ನ ಬೆನ್ನ ಮೇಲೂ ಒಂದು ಬರೆದುಬಿಡೇ," ಎಂದು ರೇಗಿಸುತ್ತಿದ್ದೆ.

"ನಿಮ್ದು ಯಾವತ್ತೋ ಮುಗಿದಿದೆ ಕಣ್ರೀ. ಬಿಸಾಕೋಕೆ ಮನಸ್ಸು ಬರ್ತಿಲ್ಲ ಅಷ್ಟೇ."

ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. ಮನೆಯಲ್ಲಿ ಉಳಿದದ್ದು ನಾನು ಮತ್ತು ಅವಳ ಆಮೆ.

ತಂದಾಗ ಅಂಗೈಯೊಳಗೆ ಕೂರುತ್ತಿತ್ತು, ಈಗ ಊಟದ ತಟ್ಟೆಯಷ್ಟಾಗಿದೆ. ಮುಂದಿನ ಕೋಣೆಯ ಅರ್ಧ ಗೋಡೆ ಅದರ ಗಾಜಿನ ತೊಟ್ಟಿಗೇ ಹೋಗಿದೆ. ಅವಳು ಅದಕ್ಕೆ ಇಟ್ಟ ಹೆಸರು ಸಾಹುಕಾರ. ತೊಟ್ಟಿಯ ಮೇಲೆ ಹಾಕಿದ ದೀಪದ ಕೆಳಗೆ, ಕಲ್ಲಿನ ಮೇಲೆ ಕತ್ತೆತ್ತಿ ಕೂರುವ ಅದರ ಗತ್ತು ನೋಡಿ ಇಟ್ಟಳೆಂದುಕೊಂಡಿದ್ದೆ. "ನಾಯಿ ಸಾಕಿದ್ರೆ ಮನೆ ತೊಳೆದುಹೋಗುತ್ತೆ. ಆಮೆ ನೋಡಿ, ನಾಲ್ಕು ಎಲೆ ಹಾಕಿದ್ರೆ ಮುಗೀತು!" ಎಂದು ಗಿರಾಕಿಗಳ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ. ಅವಳು ಪಕ್ಕದಲ್ಲಿದ್ದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಖರ್ಚೆಲ್ಲ ಅವಳ ಸಂಬಳದಿಂದ ಹೋಗುತ್ತಿತ್ತು.

ಅವಳು ಹೋದ ಮೇಲೆ ಒಂದೊಂದೇ ಖರ್ಚು ಬಂದು ಬಾಗಿಲು ತಟ್ಟಿತು. ಮೊದಲು ತೊಟ್ಟಿಯ ನೀರು ಹಸಿರಾಗಿ ಗಬ್ಬು ನಾತ ಹೊಡೆಯಿತು. ಫಿಲ್ಟರಿನ ಸ್ಪಂಜು ಬದಲಾಯಿಸಬೇಕಂತೆ. ಆಮೇಲೆ ನೀರು ಬೆಚ್ಚಗಿಡುವ ಹೀಟರು ಸತ್ತಿತು. ನಾನಿರುವಾಗ ಹೊಸದೇಕೆ ಎಂದು ಬಿಚ್ಚಲು ಹೋಗಿ, ಅದರ ಗಾಜು ಒಡೆದು, ಕೈ ಕೊಯ್ದುಕೊಂಡು, ಹೊಸದನ್ನೇ ತಂದೆ. ತಿನ್ನುವ ಕಾಳು ಬೇರೆ, ನೀರಿಗೆ ಬೆರೆಸುವ ಔಷಧಿ ಬೇರೆ, ಕರೆಂಟ್ ಬಿಲ್ಲಂತೂ ಕೇಳಲೇಬೇಡಿ. ಸಾಹುಕಾರ ಎಂದರೆ ತಿಂಗಳು ತಿಂಗಳು ವಸೂಲಿಗೆ ನಿಲ್ಲುವವನೆಂದು ಆಗ ಗೊತ್ತಾಯಿತು. ಹೋದಾಗಲೆಲ್ಲ ಅಲಂಕಾರದ ಮೀನು ಮಾರುವ ಅಂಗಡಿಯವನು, "ಅಮ್ಮ ಇದನ್ನೇ ತಗೊಂಡು ಹೋಗ್ತಿದ್ರು," ಎನ್ನುತ್ತಿದ್ದ. ನನ್ನ ಮನೆಯ ಸಮಾಚಾರ ನನಗೆ ಮೂರನೆಯವನಿಂದ ತಿಳಿಯಬೇಕು! ದಾರಿಯುದ್ದಕ್ಕೂ ಅವಳ ಜೊತೆ ಮನಸ್ಸಿನಲ್ಲೇ ಜಗಳವಾಡಿಕೊಂಡು ಬರುತ್ತಿದ್ದೆ. ಆ ಜಗಳ ಬಿಟ್ಟರೆ ಎಷ್ಟೋ ದಿನ ನನಗೆ ಬೇರೆ ಮಾತೇ ಇರುತ್ತಿರಲಿಲ್ಲ.

ಭಾನುವಾರ ಬಂದುಹೋಗುವ ನನ್ನ ತಂಗಿ ಒಂದು ದಿನ ತೊಟ್ಟಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಣ್ಣ, ಬಿಳಿಯಾನೆ ಸಾಕಿದ ಹಾಗಾಯ್ತು ನಿಂದು. ಇದು ಇನ್ನೂ ಇಪ್ಪತ್ತು ವರ್ಷ ಬದುಕುತ್ತಂತೆ. ನಿಂಗೀಗ್ಲೇ ಅರವತ್ತಮೂರು. ಕೊಟ್ಬಿಡೋ ಯಾರಿಗಾದ್ರೂ."

"ಕೊಟ್ಟು ಏನ್ಮಾಡ್ಲಿ?"

ಅವಳು ಚಹಾ ಲೋಟ ತೊಳೆದಿಟ್ಟು ಹೋದಳು.

ಕೊಡಬಾರದೆಂದೇ ಇದ್ದೆ. ಆದರೆ ಕೆಲವು ವಾರಗಳಿಂದ ಸಾಹುಕಾರ ಕಲ್ಲು ಹತ್ತುತ್ತಿರಲಿಲ್ಲ. ಎಲೆ ಹಾಕಿದರೆ ಮುಖ ತಿರುಗಿಸುತ್ತಿತ್ತು. ನನ್ನ ಮುಖ ನೋಡಿ ನೋಡಿ ಅದಕ್ಕೂ ಸಾಕಾಗಿದೆ ಎಂದುಕೊಂಡೆ. ಹೇಳಿದರೆ ನಗುತ್ತೀರಿ, ಒಂದು ಆಮೆಗೆ ನಾನು ಬೇಡವಾದೆನಲ್ಲ ಎಂದು ತುಂಬಾ ದುಃಖವಾಯಿತು. ಇನ್ನೊಬ್ಬರ ಮನೆಯಲ್ಲಾದರೂ ನಾಲ್ಕು ತುತ್ತು ತಿನ್ನಲಿ ಎಂದು ಸೋಮವಾರ ಬೆಳಿಗ್ಗೆ ಬಕೆಟ್ಟಿನಲ್ಲಿಟ್ಟುಕೊಂಡು ಮೀನಿನ ಅಂಗಡಿಗೆ ಹೊರಟೆ.

ಅಂಗಡಿಯವನು ಅದನ್ನೆತ್ತಿ ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ. ಅವನ ಮುಖ ಸಣ್ಣಗಾಯಿತು.

"ಯಜಮಾನ್ರೇ, ಚಿಪ್ಪು ಮೆತ್ತಗಾಗಿದೆಯಲ್ರೀ! ದೀಪ ಬದಲಾಯಿಸಿ ಎಷ್ಟು ದಿನ ಆಯ್ತು?"

"ಯಾಕೆ ಬದಲಾಯಿಸ್ಬೇಕು? ಚೆನ್ನಾಗೇ ಉರೀತಿದೆಯಲ್ಲ."

"ಉರಿಯುತ್ತೆ. ಆದ್ರೆ ಚಿಪ್ಪು ಗಟ್ಟಿಯಾಗಿಡೋ ಬಿಸಿಲಿನ ಸತ್ವ ಅದರೊಳಗೆ ಆರು ತಿಂಗಳಿಗೇ ಖಾಲಿ. ಆಮೇಲೆ ಬರೀ ಬೆಳಕು, ಕಣ್ಣಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ. ಅಮ್ಮ ಒಂದು ದಿನಾನೂ ತಪ್ಪಿಸ್ತಿರ್ಲಿಲ್ಲ. 'ನಮ್ಮನೆಯವ್ರಿಗೆ ಹೇಳ್ಬೇಡಿ, ಉರಿಯೋ ದೀಪ ಎಸೆದೆ ಅಂತ ಕೂಗಾಡ್ತಾರೆ' ಅಂತಿದ್ರು."

ಆಸ್ಪತ್ರೆಯಲ್ಲಿ, ಕೊನೆಯ ವಾರ, ಅವಳು ನನ್ನ ಅಂಗಿಯ ತೋಳು ಹಿಡಿದು ಹೇಳಿದ್ದಳು: "ಸಾಹುಕಾರನ ದೀಪ ಬದಲಾಯಿಸ್ರೀ." ನಾನು, "ಉರೀತಿದೆ ಕಣೇ, ಸುಮ್ನೆ ಮಲ್ಕೋ," ಎಂದಿದ್ದೆ. ಸಂಜೆ ಮತ್ತೆ ಅದೇ ಮಾತು. ಜ್ವರಕ್ಕೆ ಏನೇನೋ ಬಡಬಡಿಸುತ್ತಿದ್ದಾಳೆ ಎಂದು ಅವಳೆದುರೇ ನರ್ಸಿಗೆ ಹೇಳಿದೆ. ಆಮೇಲೆ ಅವಳು ಆ ಮಾತೆತ್ತಲಿಲ್ಲ.

"ಬದುಕುತ್ತಾ?" ಎಂದು ಕೇಳಿದೆ.

"ಖಾತ್ರಿ ಹೇಳಲ್ಲ. ಪ್ರಾಣಿ ಡಾಕ್ಟ್ರಿಗೆ ತೋರಿಸ್ಬೇಕು, ಇವತ್ತೇ ಹೊಸ ದೀಪ ಹಾಕ್ಬೇಕು. ಬಿಟ್ಟು ಹೋಗ್ತೀರೋ, ವಾಪಸ್ ಒಯ್ತೀರೋ?"

"ದೀಪ ಕೊಡಿ," ಎಂದು ಬಕೆಟ್ಟನ್ನು ನನ್ನ ಕಡೆಗೆ ಎಳೆದುಕೊಂಡೆ.

ಡಾಕ್ಟರು ಸೂಜಿ ಚುಚ್ಚಿ, ಹನಿ ಔಷಧಿ ಬರೆದುಕೊಟ್ಟು, ಚೆನ್ನಾಗಿ ಬೈದು ಕಳಿಸಿದರು. ಬೈಸಿಕೊಂಡದ್ದು ಹಿತವಾಗಿತ್ತು. ಮನೆಗೆ ಬಂದು ಹಳೆಯ ದೀಪ ಬಿಚ್ಚಿದೆ. ಹೋಲ್ಡರಿನೊಳಗೆ ಮುಚ್ಚಿಹೋಗಿದ್ದ ಅದರ ಕುತ್ತಿಗೆಯ ಮೇಲೆ ಅವಳ ಅಕ್ಷರದಲ್ಲಿ ಎರಡು ತಾರೀಖುಗಳಿದ್ದವು. ಒಂದು ಹಾಕಿದ ದಿನದ್ದು, ಇನ್ನೊಂದು ಬದಲಾಯಿಸಬೇಕಾದ ದಿನದ್ದು. ಎರಡನೆಯದು ಅವಳು ಆಸ್ಪತ್ರೆಯಲ್ಲಿ ನನ್ನ ತೋಳು ಹಿಡಿದ ದಿನವೇ. ಅದು ಜ್ವರದ ಬಡಬಡಿಕೆಯಾಗಿರಲಿಲ್ಲ, ಅವಳ ತಲೆ ನೆಟ್ಟಗಿತ್ತು. ನನಗೇ ಕಿವಿ ಇರಲಿಲ್ಲ. ತೊಟ್ಟಿಯ ಪಕ್ಕ ನೆಲದ ಮೇಲೆ ಕೂತು ಅತ್ತೆ.

ಹೊಸ ದೀಪದ ಮೇಲೆ ಆ ದಿನದ ತಾರೀಖು ಬರೆದೆ. ಆರು ತಿಂಗಳಾಚೆಯ ಇನ್ನೊಂದು ತಾರೀಖನ್ನು ಬೆರಳೆಣಿಸಿ ಬರೆದೆ. ದಿನಾ ಸಾಹುಕಾರನನ್ನು ನಾನೇ ಎತ್ತಿ ಕಲ್ಲಿನ ಮೇಲಿಟ್ಟೆ, ಬಾಯಿಗೆ ಔಷಧಿ ಬಿಟ್ಟೆ. ತಂಗಿ ಫೋನಿನಲ್ಲಿ, "ಕೊಟ್ಯೇನೋ?" ಎಂದಾಗ, "ಇಲ್ಲ, ನಂಗೆ ಕೆಲಸ ಇದೆ," ಎಂದು ಇಟ್ಟುಬಿಟ್ಟೆ.

ಹನ್ನೊಂದನೆಯ ದಿನ ಬೆಳಿಗ್ಗೆ ನೀರು ಕಲಕಿದ ಸದ್ದಾಯಿತು. ಸಾಹುಕಾರ ಎರಡು ಸಲ ಜಾರಿ, ಮೂರನೆಯ ಸಲಕ್ಕೆ ತಾನೇ ಕಲ್ಲು ಹತ್ತಿ, ದೀಪದ ಕೆಳಗೆ ಕತ್ತೆತ್ತಿ ಕೂತಿತು. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಆದರೂ ಗಟ್ಟಿಯಾಗಿಯೇ ಹೇಳಿದೆ.

"ಬದಲಾಯಿಸಿದೆ ಕಣೇ. ಮಲ್ಕೋ."