ಒಂದೇ ಫೋನಿನ ಮುಂದೆ ಇಬ್ಬರು

ಊರವರ ಅರ್ಜಿ ತುಂಬಿಸುವುದೇ ನನ್ನ ಹೊಟ್ಟೆಪಾಡು. ಜಾತಿ, ಆದಾಯ, ವಿಧವಾ ವೇತನ, ಪಹಣಿ ತಿದ್ದುಪಡಿ ಎಲ್ಲವೂ ನನ್ನ ಕೈಯಿಂದಲೇ ಕಂಪ್ಯೂಟರಿಗೆ ಹೋಗಬೇಕು. ಮೊದಲು ಮಳವಳ್ಳಿಯ ನಾಡಕಚೇರಿಯಲ್ಲಿದ್ದೆ, ಎರಡು ವರ್ಷದಿಂದ ಮದ್ದೂರಿನಲ್ಲಿದ್ದೇನೆ. ಯಾವ ಕಾಲಂನಲ್ಲಿ ಯಾರು ಏನು ತಪ್ಪು ಬರೆಯುತ್ತಾರೆ ಎಂದು ಮುಖ ನೋಡಿಯೇ ಹೇಳಬಲ್ಲೆ. ಅಂಥವಳು ವಕೀಲರು ಕಳಿಸಿದ ನನ್ನದೇ ವಿಚ್ಛೇದನದ ಫಾರಂನ ಮೂರನೇ ಪ್ರಶ್ನೆಗೆ ಅರ್ಧ ಗಂಟೆ ಕೂತೆ.

‘ಮದುವೆಗೆ ಮುಂಚೆ ಪರಿಚಯವಿತ್ತೇ? ಇದ್ದರೆ ಎಷ್ಟು ಕಾಲದಿಂದ?’

‘ನಾನು ಹುಟ್ಟಿದಾಗಿನಿಂದ’ ಎಂದು ಬರೆದೆ. ಸುಳ್ಳೇನಲ್ಲ. ನನ್ನ ಗಂಡ ಸಿದ್ದರಾಜು ನನ್ನ ಅಮ್ಮನ ಒಡಹುಟ್ಟಿದ ತಮ್ಮ, ನನ್ನ ಸೋದರಮಾವ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಹೊಸದೂ ಅಲ್ಲ, ತಪ್ಪೂ ಅಲ್ಲ. ನಾನು ಹುಟ್ಟಿದಾಗ ಅವನಿಗೆ ಹನ್ನೆರಡು ವರ್ಷ. ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ದು, ಹುಣಸೇ ಮರದ ತುಂಬ ಕೂತ ಹಕ್ಕಿಗಳನ್ನು ತೋರಿಸಿ ‘ಎಣ್ಸು ನೋಡವ’ ಎಂದವನು ಅವನೇ. ನನಗೆ ಇಪ್ಪತ್ತೊಂದಾದಾಗ ಅವನ ಕೈಯಲ್ಲೇ ತಾಳಿ ಕಟ್ಟಿಸಿದರು. ಅಜ್ಜಿ ಚಿಕ್ಕಬೋರಮ್ಮನದು ಹಟ. ಅಮ್ಮನದು ಭಯ. ಹೊರಗಿನ ಹೆಣ್ಣು ಬಂದರೆ ಇರುವ ಒಬ್ಬ ತಮ್ಮ ಕೈತಪ್ಪಿ ಹೋಗುತ್ತಾನೆ ಎಂದು. ನಮ್ಮಿಬ್ಬರನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದೆವು. ಮಾವ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದಾನೆ. ಎಲ್ಲರೂ ಬೇಡವೆನ್ನುವ ರಾತ್ರಿ ಪಾಳಿಯನ್ನು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಪಾಳಿ ಇಲ್ಲದ ದಿನ ಜಗಲಿಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದ. ಒಂದು ಬಿರುಸು ಮಾತಾಡಿದವನಲ್ಲ, ಒಮ್ಮೆಯೂ ನನ್ನ ಮೈ ಮುಟ್ಟಿದವನೂ ಅಲ್ಲ. ಊರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಮಕ್ಕಳಾಗಲಿಲ್ಲ, ಆದ್ದರಿಂದ ನಾನು ಬಂಜೆ. ಅಮ್ಮ ನನ್ನನ್ನು ಮಂಡ್ಯದ ಡಾಕ್ಟರ ಹತ್ತಿರ ಕರೆದೊಯ್ದಳು, ನಾಟಿ ಔಷಧಿ ಕುಡಿಸಿದಳು, ಹನ್ನೆರಡು ಸೋಮವಾರ ಒದ್ದೆ ಬಟ್ಟೆಯಲ್ಲಿ ದೇವಸ್ಥಾನ ಸುತ್ತಿಸಿದಳು. ನಾನು ಸುತ್ತಿದೆ. ಬಾಯಿ ಬಿಟ್ಟರೆ ಮಾವನನ್ನು ಊರು ಗಂಡಸೇ ಅಲ್ಲ ಎಂದು ಆಡಿಕೊಳ್ಳುತ್ತಿತ್ತು. ನನಗೆ ಸಿಟ್ಟು ಬರುತ್ತಿರಲಿಲ್ಲವೇ? ಬರುತ್ತಿತ್ತು. ಅಜ್ಜಿಯ ಮೇಲೆ, ಅಮ್ಮನ ಮೇಲೆ, ಅವನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ವರ್ಷಗಟ್ಟಲೆ ಇಟ್ಟುಕೊಂಡ ಸಿಟ್ಟು ಕೊನೆಗೆ ಬರೀ ಸುಸ್ತಾಗಿ ಉಳಿಯುತ್ತದೆ.

ಮದ್ದೂರಿಗೆ ವರ್ಗವಾದಾಗ ಅದೇ ನೆಪ ಮಾಡಿಕೊಂಡು ಅಮ್ಮನ ಮನೆಗೆ ಬಂದುಬಿಟ್ಟೆ. ಕಳೆದ ವರ್ಷ ಅಜ್ಜಿ ತೀರಿಕೊಂಡಳು. ಅವಳ ತಿಥಿಯ ಕೆಲಸವೆಲ್ಲ ಮುಗಿದ ಮೇಲೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ, “ಮಾವ, ಸಾಕು” ಎಂದೆ.

ನೀರು ತುಂಬಿಸುತ್ತಿದ್ದವನು ಕೊಡ ಕೆಳಗಿಟ್ಟ. “ಊಂ ಕಣ್ ಮಗ. ಸಾಕು” ಎಂದ.

ಇಷ್ಟೇ ನಮ್ಮ ಜಗಳ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಜಗಳ ಅಂತ ಒಂದು ಇದ್ದರೆ ತಾನೇ ಉಂಡು ಮಲಗುವುದು?

ಸುದ್ದಿ ಹೊರಗೆ ಬಿದ್ದ ಕೂಡಲೇ ದಾಯಾದಿ ದೊಡ್ಡಸಿದ್ದಯ್ಯ ಬುದ್ಧಿ ಹೇಳಲು ಬಂದ. “ಕೋರ್ಟು ಕಚೇರಿ ಯಾಕವ್ವ? ಛಾಪಾ ಕಾಗ್ದದ ಮ್ಯಾಲೆ ಬುಡುಗಡೆ ಅಂತ ಬರ್ದು ನಾಕು ಜನ ಸೈನು ಆಕುದ್ರೆ ಮುಗೀತಪ್ಪ” ಎಂದ. ಅಂಥ ಕಾಗದ ಹಿಡಿದು ವಾರಕ್ಕೊಬ್ಬಳಾದರೂ ನನ್ನ ಕೌಂಟರಿಗೆ ಬರುತ್ತಾಳೆ. ಇದು ನಡೆಯಲ್ಲ ಕಣಮ್ಮ ಎಂದು ಹಿಂದಕ್ಕೆ ಕೊಡುವವಳು ನಾನೇ. ಅವರ ಮುಖ ನೋಡಿ ನೋಡಿ ನನಗೆ ಸಾಕಾಗಿತ್ತು.

ಅದಕ್ಕೇ ಮಂಡ್ಯದ ವಕೀಲೆ ಶುಭಾ ಅವರನ್ನು ಫೋನಿನಲ್ಲೇ ಹುಡುಕಿದೆ. ಇಬ್ಬರೂ ಒಪ್ಪಿದ್ದರೆ ಅಲೆದಾಟವಿಲ್ಲ, ಕಡಿಮೆ ಖರ್ಚು, ದಾಖಲೆಯೆಲ್ಲ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು, ವಿಚಾರಣೆಗೆ ವಿಡಿಯೋದಲ್ಲೇ ಹಾಜರಾಗಲು ಅನುಮತಿ ಕೇಳುತ್ತೇನೆ ಎಂದರು. ಒಂದು ಮಾತನ್ನು ಮಾತ್ರ ಮೂರು ಸಲ ಹೇಳಿದರು: “ಒಂದು ವರ್ಷದಿಂದ ಬೇರೆ ಬೇರೆ ವಾಸ ಮಾಡುತ್ತಿದ್ದೇವೆ ಅಂತ ಬರೆಯುತ್ತೇನೆ. ಅದು ಮುಖ್ಯ. ಅಲ್ಲಿ ಎಡವಿದರೆ ಅರ್ಜಿ ಬಿದ್ದು ಹೋಗುತ್ತೆ.” ಬೇರೆಯಾಗಲು ಕಾರಣ ಎಂಬಲ್ಲಿ ಅವರೇ ‘ಹೊಂದಾಣಿಕೆ ಇಲ್ಲ’ ಎಂದು ಹಾಕಿದರು. ನಾನು ತಿದ್ದಲಿಲ್ಲ.

ಅಮ್ಮನದು ಬೇರೆಯೇ ಲೆಕ್ಕ. ಅಪ್ಪ ಸತ್ತಾಗ ಚಟ್ಟ ಕಟ್ಟಿದವನು, ಮನೆಯ ಸೂರು ಸೋರಿದರೆ ಏಣಿ ಹತ್ತಿದವನು, ಜ್ವರ ಬಂದರೆ ರಾತ್ರಿ ಪಾಳಿ ಮುಗಿಸಿ ನೇರ ಬಸ್ಸು ಹತ್ತಿ ಬಂದವನು ಆ ತಮ್ಮ. “ನೀನು ಅವನ್ನ ಬುಟ್ರೆ ಅವನು ನನ್ನ ಬುಡ್ತಾನೆ. ನಂಗೆ ತೌರು ಅಂತ ಇರೋದು ಅವನೊಬ್ನೆ” ಎಂದು ಅತ್ತಳು. ಅತ್ತು ಮುಗಿದ ಮೇಲೆ ಇನ್ನೊಂದು ಮಾತು ಬಂತು. “ಮಕ್ಕಳಾಗ್ನಿಲ್ಲ ಅಂತ ಅವನೇ ನಿನ್ನ ಬುಡಬೇಕಾಗಿತ್ತು. ಬುಡ್ನಿಲ್ಲ. ಅಂತಾವನ್ನ ನೀನು ಬುಡ್ತೀಯೇನೇ?”

ಆ ಮಾತಿಗೆ ನನ್ನ ಹತ್ತಿರ ಉತ್ತರವಿತ್ತು. ನುಂಗಿಕೊಂಡೆ. ಬಿಡುಗಡೆ ಬೇಕಾಗಿತ್ತು ನಿಜ, ಆದರೆ ಅಮ್ಮನ ತವರನ್ನು ಮುರಿದು ಹೋಗುವ ಬಿಡುಗಡೆ ಬೇಕಿರಲಿಲ್ಲ. ಮೊದಲ ವಿಚಾರಣೆ ಆಗಿ, ಕಾನೂನು ಹೇಳಿದ ಆರು ತಿಂಗಳು ಕಳೆಯುವವರೆಗೆ ಮಾವ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಅಮ್ಮ ದಿನಾ ಒಮ್ಮೆ ಬಾಗಿಲ ಕಡೆ ನೋಡುವುದು, ಆಮೇಲೆ ನನ್ನ ಕಡೆ ನೋಡುವುದು. ಬಯ್ದಿದ್ದರೂ ಚೆನ್ನಾಗಿತ್ತು.

ಕೊನೆಯ ವಿಚಾರಣೆ ಒಂದು ಗುರುವಾರ ಹನ್ನೊಂದೂವರೆಗೆ. ರಜೆ ಹಾಕಿ ನಡುಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೂತಿದ್ದೆ. ಹನ್ನೊಂದು ಗಂಟೆಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ನೋಡಿದರೆ ಮಾವ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಎರಡು ತೆಂಗಿನಕಾಯಿ. ಅಕ್ಕನ ಮನೆಗೆ ಬರಿಗೈಯಲ್ಲಿ ಬಂದು ಅಭ್ಯಾಸವಿಲ್ಲ.

“ಇಲ್ಯಾಕ್ ಬಂದೆ ಮಾವ? ನಿನ್ನ ಫೋನ್ಗೆ ಲಿಂಕ್ ಕಳ್ಸಿದ್ನಲ್ಲ?”

“ಕ್ವಾಟ್ರಸ್ನಾಗೆ ನೆಟ್ವರ್ಕು ನಿಲ್ಲಲ್ಲ ಕಣ್ ಮಗ. ಓದ್ಸಲ ಬಂಡೆ ಮ್ಯಾಲೆ ನಿಂತ್ಕೊಂಡು ಮಾತಾಡ್ದೆ. ಜಡ್ಜು ಕೇಳ್ದಾಗ ಕಟ್ಟಾಗ್ಬುಟ್ರೆ ನಿನ್ ಕೆಲ್ಸ ಕೆಟ್ಟೋಯ್ತದೆ. ಅದ್ಕೆ ಬಂದೆ.”

ವಿಚ್ಛೇದನ ಕೆಡಬಾರದು ಎಂದು ಗಂಡ ಬಸ್ಸು ಹತ್ತಿ ಹೆಂಡತಿಯ ಮನೆಗೆ ಬಂದಿದ್ದ. ಒಳಗಿಂದ ಅಮ್ಮ ಓಡಿ ಬಂದಳು. ತಮ್ಮನನ್ನು ಕಂಡದ್ದೇ ತಡ, ಕೋರ್ಟನ್ನೂ ಮರೆತಳು, ಕಾನೂನನ್ನೂ ಮರೆತಳು. “ಸೊರಗೋಗಿದ್ದೀಯಲ್ಲೋ ಸಿದ್ದ” ಎಂದು ಅವನ ಕೈ ಹಿಡಿದುಕೊಂಡಳು. ಅವಳು ಅಡುಗೆಮನೆ ಸೇರಿದಳು; ಹನ್ನೊಂದೂವರೆಗೆ ಫೋನಿನಲ್ಲಿ ನಮ್ಮ ಕೇಸಿನ ನಂಬರು ಕೂಗಿದರು. ನಾನು ಯೋಚನೆ ಮಾಡದೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ನಾಡಕಚೇರಿಯಲ್ಲಿ ಜಂಟಿ ಖಾತೆಯವರನ್ನು ಒಟ್ಟಿಗೆ ಕೂರಿಸಿಯೇ ಅಭ್ಯಾಸ, ಹೊಳೆಯಲೇ ಇಲ್ಲ.

ಪರದೆಯ ಮೇಲೆ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು. ಒಂದು ಮೂಲೆಯ ಚೌಕದಲ್ಲಿ ಶುಭಾ ಮೇಡಂ ಹಣೆಗೆ ಕೈ ಹಚ್ಚಿದ್ದು ಕಾಣಿಸಿತು.

“ಅರ್ಜಿದಾರರು ಇಬ್ಬರೂ ಒಂದೇ ಮನೆಯಲ್ಲಿದ್ದೀರಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹಿಂದಿನಿಂದ ಎರಡು ಲೋಟ ಕಾಫಿ ತಂದು ಫೋನಿನ ಮುಂದೆಯೇ ಇಟ್ಟಳು. “ಅದೇನ್ ಬಿರ್ಬಿರ್ನೆ ಮುಗ್ಸಿ ಬನ್ರಿ, ಮುದ್ದೆ ಆರೋಯ್ತದೆ” ಎಂದಳು.

“ಬೇರೆ ವಾಸವಿದ್ದೇವೆ ಎಂದು ಪ್ರಮಾಣ ಮಾಡಿದ್ದೀರಿ” ಎಂದು ನ್ಯಾಯಾಧೀಶರ ದನಿ ಗಟ್ಟಿಯಾಯಿತು. “ಈಗ ಕಾಫಿ, ಊಟ ಎಲ್ಲ ಒಟ್ಟಿಗೇ ನಡೆಯುತ್ತಿದೆ. ಇದೇನು?”

“ಸ್ವಾಮಿ, ಇದು ನಮ್ಮಕ್ಕನ ಮನೆ” ಎಂದ ಮಾವ. “ನಾನು ಅಕ್ಕನ ಮನೆಗೆ ಬಂದಿವ್ನಿ. ಅವ್ಳು ಅವ್ರವ್ವನ ಮನೇಲಿ ಅವ್ಳೆ.”

ಆ ಕಡೆ ಸ್ವಲ್ಪ ಹೊತ್ತು ಕಾಗದ ತಿರುವಿದ ಸದ್ದು. ಸಂಬಂಧ ಅರ್ಥವಾಯಿತೆಂದು ಕಾಣುತ್ತದೆ. ಆದರೂ ಅವರು ಬಿಡಲಿಲ್ಲ. ಮನೆಯವರ ಒತ್ತಾಯವಿದೆಯೋ ಏನೋ, ಒಬ್ಬೊಬ್ಬರನ್ನೇ ಕೇಳುತ್ತೇನೆ, ಮೊದಲು ಹೆಂಡತಿ ಎದ್ದು ಹೊರಗೆ ಹೋಗಲಿ ಎಂದರು. ನಾನು ಎದ್ದು ಅಮ್ಮನನ್ನೂ ಕರೆದುಕೊಂಡು ಅಡುಗೆಮನೆಗೆ ಹೋದೆ. ನಮ್ಮ ಮನೆಯ ನಡುಗೋಡೆ ಸೂರಿನ ತನಕ ಇಲ್ಲ, ಎದೆಮಟ್ಟ ಅಷ್ಟೇ. ಫೋನಿನ ದನಿಯೂ ಕೇಳುತ್ತಿತ್ತು, ಮಾವನ ದನಿಯೂ ಕೇಳುತ್ತಿತ್ತು.

“ಹೊಂದಾಣಿಕೆ ಇಲ್ಲ ಅಂತ ಬರೆದಿದೆ. ನಿಮ್ಮನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ನಿಜವಾದ ಕಾರಣ ಹೇಳಿ.”

ಅಮ್ಮ ಸೌಟು ಹಿಡಿದುಕೊಂಡು ನಿಂತಿದ್ದಳು.

“ಸ್ವಾಮಿ, ಆ ಮಗೀನ ಇದೇ ಕೈಯಾಗೆ ಎತ್ತಾಡ್ಸಿವ್ನಿ. ನಮ್ಮವ್ವ ಕಟ್ಟು ಅಂದ್ಳು, ಕಟ್ದೆ. ಎಂಡ್ತಿ ಅಂತ ಮನ್ಸು ಒಪ್ನಿಲ್ಲ. ಒಂಬತ್ತು ವರ್ಸದಾಗೆ ಒಂದಿನನೂ ಒಪ್ನಿಲ್ಲ. ಊರೋರು ಅವ್ಳನ್ನ ಬಂಜೆ ಅಂದ್ರು. ನಮ್ಮಕ್ಕನೂ ಅಂಗೇ ತಿಳ್ಕೊಂಡ್ಳು. ನಾನು ಸುಮ್ಕಿದ್ದೆ. ಅವ್ಳೂ ನನ್ನ ಬುಟ್ಕೊಡ್ನಿಲ್ಲ. ತಪ್ಪೆಲ್ಲ ನಂದೆಯ. ಅವ್ಳಿಗೆ ಬುಡುಗಡೆ ಮಾಡ್ಕೊಡಿ.”

ಅಮ್ಮನ ಕೈಯ ಸೌಟು ಸಾರಿನ ಪಾತ್ರೆಯೊಳಕ್ಕೆ ಜಾರಿತು. ಅವಳು ಅದನ್ನು ತೆಗೆಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಒಲೆಯ ಕಟ್ಟೆ ಹಿಡಿದುಕೊಂಡು ಹಾಗೇ ನಿಂತಳು. ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಈಗ ಗೊತ್ತಾಯಿತಾ ಎಂದು ಕೂಗಾಡಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಒಲೆ ಆರಿಸಿದೆ.

ನನ್ನನ್ನು ಕರೆದು ಕೇಳಿದ್ದು ಒಂದೇ ಮಾತು, ಒಪ್ಪಿಗೆ ಇದೆಯೇ ಎಂದು. ಇದೆ ಎಂದೆ. ಅರ್ಜಿ ಮಂಜೂರಾಗಿದೆ, ಆದೇಶದ ಪ್ರತಿ ವಕೀಲರಿಗೆ ಬರುತ್ತದೆ ಎಂದು ಹೇಳಿ ಅವರು ಮುಂದಿನ ಕೇಸಿನ ನಂಬರು ಕರೆದರು. ಒಂದು ನಿಮಿಷ ಆಗಿರಲಿಲ್ಲ, ಶುಭಾ ಮೇಡಂ ಫೋನು ಬಂತು. “ಏನು ಜನ ಕಣ್ರೀ ನೀವು! ಬೇರೆ ಇದ್ದೇವೆ ಅಂತ ಬರೆದುಕೊಟ್ಟು ಒಂದೇ ಫೋನಿನ ಮುಂದೆ ಕಾಫಿ ಕುಡಿಯುತ್ತ ಕೂತಿದ್ದೀರಲ್ಲ! ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ” ಎಂದು ಬಯ್ದು, ಕೊನೆಗೆ “ಹೋಗಲಿ, ಒಳ್ಳೇದಾಯ್ತು” ಎಂದು ಇಟ್ಟರು.

ಮಾವ ತಲೆ ಬಗ್ಗಿಸಿ ಕೂತಿದ್ದ. ಗೋಡೆ ಎಷ್ಟೆತ್ತರವಿದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. “ಅಕ್ಕ, ನಾನು ಓಯ್ತೀನಿ” ಎಂದು ಎದ್ದ.

ಅಮ್ಮ ಬಾಗಿಲಿಗೆ ಬಂದಳು. ಕಣ್ಣು ಕೆಂಪಗಾಗಿತ್ತು. “ನಂಗಾದ್ರೂ ಒಂದ್ಮಾತು ಯೇಳ್ಬಾರ್ದಾಗಿತ್ತೇನ್ಲಾ?”

“ಯಾವಾಗ್ ಯೇಳ್ಲಕ್ಕ? ಧಾರೆ ಎರೀವಾಗ ನೀನು ಅಳ್ತಾ ಇದ್ದೆ. ಇನ್ಮ್ಯಾಕೆ ನನ್ ತಮ್ಮ ಎಲ್ಗೂ ಓಗಲ್ಲ ಅಂತಿದ್ದೆ. ಆಗ ಯೇಳ್ಳಾ?”

ಹನ್ನೊಂದು ವರ್ಷ ನನ್ನೊಳಗಿದ್ದದ್ದು ಈಗ ಅಮ್ಮನೊಳಗೆ ಇಳಿಯುತ್ತಿತ್ತು. ನೋಡಲು ಸಂಕಟವಾಯಿತು. ಚಪ್ಪಲಿ ಮೆಟ್ಟಲು ಹೋದ ಮಾವನ ತೋಳು ಹಿಡಿದು, “ಉಂಡ್ಕೊಂಡು ಓಗು ಮಾವ, ಬಿಸ್ಲು ಜಾಸ್ತಿ ಆಯ್ತು” ಎಂದೆ.

ಕೈ ತೊಳೆದು ಬಂದು ಅವನು ಗೋಡೆಗೊರಗಿ ಕೂತ. ಹೆಂಡತಿಯಾಗಿದ್ದಷ್ಟು ದಿನ ಅವನಿಗೆ ಬಡಿಸಿ, ಅವನು ಎದ್ದ ಮೇಲೆ ಒಬ್ಬಳೇ ಉಂಡವಳು ನಾನು. ಈ ಹೊತ್ತು ಇನ್ನೊಂದು ತಟ್ಟೆ ಹಾಕಿಕೊಂಡು ಅವನ ಪಕ್ಕದಲ್ಲೇ ಕೂತೆ. ಅವನು ಸ್ವಲ್ಪ ಸರಿದು ಜಾಗ ಬಿಟ್ಟ.

ಅಮ್ಮ ಮುದ್ದೆಯ ಪಾತ್ರೆ ಹಿಡಿದು ಬಂದಳು. ನಮ್ಮ ಮನೆಯಲ್ಲಿ ತಮ್ಮ ಬಂದ ದಿನ ಮೊದಲ ಮುದ್ದೆ ತಮ್ಮನದೇ. ಅವನು ತಟ್ಟೆಯನ್ನು ಮುಂದಕ್ಕೆ ಸರಿಸಿದ. ಅಮ್ಮ ನಮ್ಮಿಬ್ಬರ ನಡುವೆ ಒಂದು ಗಳಿಗೆ ನಿಂತಳು. ಆಮೇಲೆ ಬಗ್ಗಿ, ನನ್ನ ತಟ್ಟೆಗೆ ಮೊದಲು ಬಡಿಸಿದಳು.