ಗಾಂಧಿಪುರಂನಲ್ಲಿ ಬಿಚ್ಚಿದ ರೆಕ್ಕೆ

ತೆನ್ಮೊಳಿ ತನ್ನ ಅಣ್ಣನ ಬನಿಯನ್ ಅಂಗಡಿಯ ಮೆಟ್ಟಿಲಿಳಿದು ಬಂದಾಗ ಅವಳ ವಿಮಾನದ ಬಲರೆಕ್ಕೆ ಗಾಂಧಿಪುರಂ ಪೇಟೆಯ ರಸ್ತೆಯ ಮೇಲಕ್ಕೆ ಚಾಚಿಕೊಂಡಿತ್ತು.

ಬೆಳಿಗ್ಗೆ ಕುನ್ನತ್ತೂರಿನಿಂದ ಹೊರಡುವಾಗ ಎರಡೂ ರೆಕ್ಕೆಗಳನ್ನು ಅವಳೇ ಹಿಂದಕ್ಕೆ ಮಡಚಿ, ಬಾಲದ ಎರಡು ಪಕ್ಕಕ್ಕೂ ಒರಗಿಸಿ, ಪಟ್ಟಿ ಬಿಗಿದು ಟ್ರೇಲರಿಗೆ ಕಟ್ಟಿದ್ದಳು. ಎರಡೇ ಸೀಟಿನ ಪುಟ್ಟ ವಿಮಾನ ಅದು. ಮನೆಯ ಹಿಂದೆ ಹಿಂದೊಮ್ಮೆ ಕೊಬ್ಬರಿ ಒಣಗಿಸುತ್ತಿದ್ದ ಶೆಡ್ಡಿನಲ್ಲಿ ಅದನ್ನು ಕಟ್ಟುತ್ತ ಅವಳಿಗೆ ವರ್ಷಗಳೇ ಹಿಡಿದಿದ್ದವು. ವಾರವಿಡೀ ಪಂಪ್ ಕಾರ್ಖಾನೆಯಲ್ಲಿ ಡಿಸೈನ್ ಕೆಲಸ, ಭಾನುವಾರ ಪೂರ್ತಿ ಶೆಡ್ಡು. ಮದುವೆಯ ಮಾತು ತಂದ ನೆಂಟರು ಅವಳ ಕೈಗೆ ಮೆತ್ತಿದ್ದ ಅಂಟನ್ನು ನೋಡಿ ನಗುತ್ತಿದ್ದರು. ಅವರ ಜೊತೆ ಅಣ್ಣ ಸತೀಶ್ ಕುಮಾರನೂ ನಗುತ್ತಿದ್ದ.

ಈಗ ವಿಮಾನ ಪೊಳ್ಳಾಚಿ ಆಚೆಯ ಒಂದು ಖಾಸಗಿ ರನ್‌ವೇಗೆ ಹೋಗಬೇಕಿತ್ತು. ಹಾರಲು ಒಪ್ಪಿಗೆ ಕೊಡುವ ಪರೀಕ್ಷಕರು ಮರುದಿನ ಅಲ್ಲಿಗೆ ಬರುವವರಿದ್ದರು. ಟ್ರೇಲರ್ ಎಳೆಯಲು ತನ್ನ ಪಿಕಪ್ ತರುತ್ತೇನೆ, ನಾನೇ ಓಡಿಸುತ್ತೇನೆ ಎಂದು ಸತೀಶ್ ತಾನಾಗಿಯೇ ಹೇಳಿದಾಗ ತೆನ್ಮೊಳಿಗೆ ಹಿಗ್ಗಾಗಿತ್ತು. ದಾರಿಯಲ್ಲಿ ಅಂಗಡಿಯ ಮುಂದೆ ಅವನು ಗಾಡಿ ನಿಲ್ಲಿಸಿ, ಮೇಲೆ ಹೋಗಿ ಮುಖ ತೊಳೆದುಕೊಂಡು ಬಾ ಎಂದಾಗಲೂ ಅವಳಿಗೆ ಅನುಮಾನ ಬರಲಿಲ್ಲ.

ಅಷ್ಟರಲ್ಲೇ ಅಂಗಡಿಯ ಕೆಲಸಗಾರರು ಪಟ್ಟಿ ಬಿಚ್ಚಿದ್ದರು. ರೆಕ್ಕೆಯ ಅಡಿಗೆ ಅಂಗಡಿಯ ಹೆಸರಿನ ದೊಡ್ಡ ಸ್ಟಿಕ್ಕರ್ ಅಂಟಿಸಿದ್ದರು. ಸುತ್ತ ಜನ ಸೇರಿದ್ದರು. ಬಿಳಿ ಅಂಗಿ ತೊಟ್ಟ ಸತೀಶ್ ಮೈಕ್ ಹಿಡಿದು, ವಿಡಿಯೋ ತೆಗೆಯುತ್ತಿದ್ದವನ ಎದುರು, ಮನೆಯಲ್ಲಿ ಆಡುವ ಕನ್ನಡ ಬಿಟ್ಟು ತಮಿಳಿನಲ್ಲಿ ಮಾತಾಡುತ್ತಿದ್ದ. ಇದು ತನ್ನ ಚಿಕ್ಕಂದಿನ ಕನಸು, ಇದನ್ನು ಕಟ್ಟಿದ್ದು ತಾನೇ, ತಂಗಿ ಅಲ್ಪಸ್ವಲ್ಪ ಕೈಜೋಡಿಸಿದ್ದಾಳೆ ಎಂದ.

ತೆನ್ಮೊಳಿಯ ಕಿವಿ ಬಿಸಿಯಾಯಿತು. ಆದರೆ ಅವಳ ಕಣ್ಣು ಮೊದಲು ಹೋದದ್ದು ರೆಕ್ಕೆಯ ಬುಡಕ್ಕೆ. ಬಿಚ್ಚಿದ ರೆಕ್ಕೆಯನ್ನು ಅಲುಗದಂತೆ ಹಿಡಿಯುವ ಉಕ್ಕಿನ ಪಿನ್ನು ಅಲ್ಲಿರಲಿಲ್ಲ. ಅದು ಅವಳ ಜೇಬಿನಲ್ಲೇ ಇತ್ತು. ಅಂಗಡಿಯ ಕೆಲಸಗಾರನೊಬ್ಬ ರೆಕ್ಕೆಯ ತುದಿಯನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದ. ಕ್ಯಾಮೆರಾಗೆ ಅಡ್ಡವಾಗುತ್ತೀಯ ಎಂದು ಸತೀಶ್ ಅವನಿಗೆ ಸರಿಯುವಂತೆ ಕೈಸನ್ನೆ ಮಾಡಿದ.

“ಬಿಡಬೇಡಿ” ಎಂದು ತೆನ್ಮೊಳಿ ಓಡಿದಳು.

ಅವನು ಬಿಟ್ಟಾಗಿತ್ತು. ಪಕ್ಕದಲ್ಲೇ ನುಗ್ಗಿಹೋದ ಬಸ್ಸಿನ ಗಾಳಿಗೆ ರೆಕ್ಕೆ ಬಾಗಿಲಿನಂತೆ ಬೀಸಿ, ಅಂಗಡಿಯ ಬೋರ್ಡಿನ ಕಂಬಕ್ಕೆ ಬಡಿಯಿತು. ಬುಡದ ಲೋಹದ ಜೋಡಣೆ ತಿರುಚಿತು. ಅವಳು ಅಂಗುಲ ಅಂಗುಲವಾಗಿ ಎಳೆದು ಅಂಟಿಸಿದ್ದ ಬಟ್ಟೆಯ ಹೊದಿಕೆ ಉದ್ದಕ್ಕೆ ಸೀಳಿತು.

ಜನ ಹಿಂದೆ ಸರಿದರು. ವಿಡಿಯೋದವನು ಮಾತ್ರ ಫೋನ್ ಇಳಿಸಲಿಲ್ಲ.

ತೆನ್ಮೊಳಿ ಯಾರ ಮುಖವನ್ನೂ ನೋಡಲಿಲ್ಲ. ರೆಕ್ಕೆಯನ್ನು ಮೆಲ್ಲಗೆ ಹಿಂದಕ್ಕೆ ತಂದು ಒರಗಿಸಿದಳು, ಪಟ್ಟಿ ಬಿಗಿದಳು. ಸತೀಶ್ ಸಹಾಯಕ್ಕೆ ಬಂದಾಗ ಅವನ ಕೈಯನ್ನು ತಳ್ಳಿದಳು. ಆ ಸ್ಟಿಕ್ಕರನ್ನು ಕಿತ್ತು ಉಂಡೆ ಮಾಡಿ ಅವನ ಕಾಲ ಬಳಿ ಎಸೆದಳು.

“ಕೀ ಕೊಡು.”

“ಪಾಪ್ಪಾ, ಎಲ್ಲಾರೂ ನೋಡ್ತವ್ರೆ. ಮನೆಗೋಗಿ ಮಾತಾಡಾಣ” ಎಂದು ಸತೀಶ್ ಚಿಕ್ಕಂದಿನ ಮುದ್ದಿನ ಹೆಸರು ಹಿಡಿದು ಕರೆದ.

ಅವಳು ಅವನ ಅಂಗಿ ಜೇಬಿಗೇ ಕೈಹಾಕಿ ಕೀ ತೆಗೆದುಕೊಂಡಳು. ಅಣ್ಣನನ್ನು ಅವನ ಅಂಗಡಿಯ ಮುಂದೆಯೇ ಬಿಟ್ಟು, ಅವನದೇ ಪಿಕಪ್ಪನ್ನು ಓಡಿಸಿಕೊಂಡು ಹೊರಟಳು.

ಉಕ್ಕಡಂ ಕೆರೆಯ ಹತ್ತಿರ ಬರುವಷ್ಟರಲ್ಲಿ ಸೀಳಿದ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಳ್ಳತೊಡಗಿತು. ಗಾಡಿ ನಿಲ್ಲಿಸಿ ಅದನ್ನು ಅಂಟುಪಟ್ಟಿಯಿಂದ ಮುಚ್ಚುತ್ತಿದ್ದಾಗ ಅಮ್ಮ ಕನ್ನಿಯಮ್ಮಾಳ್ ಫೋನ್ ಮಾಡಿದರು. ಮಗ ಆಗಲೇ ಎಲ್ಲವನ್ನೂ ಹೇಳಿಕೊಂಡಿದ್ದ. ದೊಡ್ಡವನು, ಏನೋ ಆಸೆಗೆ ಒಂದು ಮಾತು ಆಡಿದ, ರೆಕ್ಕೆ ಸರಿಮಾಡಿದರಾಯಿತು ಎಂದರು ಅಮ್ಮ. ಶೆಡ್ಡಿಗೆ ಎಷ್ಟೋ ಸಲ ಊಟ ತಂದುಕೊಟ್ಟವರು, ಅಲ್ಲಿ ಯಾರು ಕೆಲಸ ಮಾಡುತ್ತಿದ್ದರೆಂದು ಕಣ್ಣಾರೆ ಕಂಡವರು. ತೆನ್ಮೊಳಿಗೆ ಅಣ್ಣನಿಗಿಂತ ಅಮ್ಮನ ಮೇಲೆ ಹೆಚ್ಚು ಸಿಟ್ಟು ಬಂತು. ಮಾತಿನ ಮಧ್ಯೆಯೇ ಫೋನ್ ಇಟ್ಟಳು.

ರನ್‌ವೇಯಲ್ಲಿ ಕಾಯುತ್ತಿದ್ದ ಮೋಹನ್‌ರಾಜ್ ಅವಳಿಗೆ ಹಾರಾಟ ಕಲಿಸಿದವರು. ರೆಕ್ಕೆಯ ಬುಡವನ್ನು ಟಾರ್ಚ್ ಹಾಕಿ ನೋಡಿದರು. ಆಮೇಲೆ ಪರೀಕ್ಷಕರಿಗೆ ತಾವೇ ಫೋನ್ ಮಾಡಿ ಬರುವುದು ಬೇಡವೆಂದರು. ಒಳಗಿನ ತೊಲೆಯನ್ನೂ ಬಿಚ್ಚಿ ನೋಡದೆ ಈ ರೆಕ್ಕೆಯನ್ನು ನಂಬುವ ಹಾಗಿಲ್ಲ, ಈ ವರ್ಷದ ಮಾತು ಮರೆತುಬಿಡು ಎಂದರು.

ಸಂಜೆಯ ಹೊತ್ತಿಗೆ ಸತೀಶ್ ಬಸ್ಸು ಹಿಡಿದು ಬಂದ. ಬಿಳಿ ಅಂಗಿ ಬೆವರಿಗೆ ಮೈಗಂಟಿತ್ತು. ಎಷ್ಟು ಖರ್ಚಾದರೂ ತಾನೇ ಹಾಕುತ್ತೇನೆ ಎಂದ. ಆಮೇಲೆ ದನಿ ತಗ್ಗಿಸಿ, “ತಪ್ಪಾಗೋಯ್ತು, ಪಾಪ್ಪಾ” ಎಂದ.

“ಇಲ್ಲಿ ನನ್ನತ್ರ ಮನೆ ಮಾತಲ್ಲಿ ಹೇಳ್ಬೇಡ” ಎಂದಳು ತೆನ್ಮೊಳಿ. “ಅಲ್ಲಿ ಊರೆಲ್ಲ ಕೇಳಂಗೆ ತಮಿಳಲ್ಲಿ ನಾನೇ ಕಟ್ಟಿದ್ದು ಅಂದ್ಯಲ್ಲ, ಅಲ್ಲೇ ನಿಂತು ಹೇಳು. ಯಾರು ಕಟ್ಟಿದ್ದು ಅಂತ.”

“ಯಾವಾರ ಮಾಡೋ ಜಾಗ. ಅಲ್ಲೆಂಗೆ ಹೇಳಾದು?”

“ಹಂಗಾದ್ರೆ ಹೋಗು.”

ಅವನು ಪಿಕಪ್ ತೆಗೆದುಕೊಂಡು ಒಬ್ಬನೇ ಹೋದ. ಮಾರನೆಯ ದಿನ ಮೋಹನ್‌ರಾಜ್ ಅವರ ಗಾಡಿಯಲ್ಲಿ ವಿಮಾನ ಕುನ್ನತ್ತೂರಿಗೆ ಮರಳಿತು. ತೆನ್ಮೊಳಿ ಶೆಡ್ಡಿಗೆ ಹೊಸ ಬೀಗ ಹಾಕಿದಳು. ಸತೀಶ್ ವಿಡಿಯೋವನ್ನು ತೆಗೆದುಹಾಕಿದ್ದಾನೆಂದು ಅಮ್ಮ ಊಟಕ್ಕೆ ಕೂತಾಗಲೆಲ್ಲ ನೆನಪಿಸುತ್ತಿದ್ದರು. ಸುಳ್ಳನ್ನು ಅಳಿಸಿದ ಮಾತ್ರಕ್ಕೆ ನಿಜ ಹೇಳಿದಂತಾಗುವುದಿಲ್ಲ ಎಂದು ಅವಳೂ ಪ್ರತಿಸಲ ಅನ್ನುತ್ತಿದ್ದಳು.

ಮುಂದಿನ ವರ್ಷ ಮಳೆ ಕಳೆದ ಮೇಲೆ ವಿಮಾನ ಮತ್ತೆ ಟ್ರೇಲರ್ ಏರಿತು. ಈ ಸಲ ಪಿಕಪ್ ಬಾಡಿಗೆಯದು, ಓಡಿಸುವವಳು ತೆನ್ಮೊಳಿ. ಓಣಿಯ ತಿರುವಿನಲ್ಲಿ ತಗ್ಗಾಗಿ ಜೋತುಬಿದ್ದ ಕೇಬಲ್ ತಂತಿಯನ್ನು ಬಿದಿರಿನ ಕೋಲಿನಿಂದ ಎತ್ತಿ ಹಿಡಿದು ಯಾರೋ ನಿಂತಿದ್ದರು. ಹತ್ತಿರ ಬಂದಾಗ ನೋಡಿದರೆ ಸತೀಶ್. ಯಾರೂ ಅವನನ್ನು ಕರೆದಿರಲಿಲ್ಲ; ಅಂಗಡಿಯ ಮುಂದೆ ನಿಂತು ನಿಜವನ್ನು ಅವನು ಇನ್ನೂ ಹೇಳಿರಲೂ ಇಲ್ಲ. ಅವನ ಬೈಕು ಬೇಲಿಗೆ ಒರಗಿತ್ತು.

ಬಾಲ ತಂತಿಯನ್ನು ದಾಟುವವರೆಗೆ ಅವಳು ನಿಧಾನವಾಗಿ ಗಾಡಿ ಸರಿಸಿದಳು. ಆಮೇಲೆ ಬ್ರೇಕ್ ಒತ್ತಿ, ಕಿಟಕಿ ಇಳಿಸಿದಳು. ಅವನ ಮುಖ ಕಂಡೊಡನೆ ಹಳೆಯ ಸಿಟ್ಟೇ ಮರಳಿತು.

“ಹಿಂದೆ ಬೈಕಲ್ಲಿ ಬಾ. ಪಟ್ಟಿ ಸಡ್ಲ ಆದ್ರೆ ಹಾರ್ನ್ ಹೊಡಿ. ನೀನು ಮುಟ್ಬೇಡ.”

ಸತೀಶ್ ತಲೆಯಾಡಿಸಿ ಕೋಲನ್ನು ಕೆಳಗಿಟ್ಟ. ಅವಳು ಕಿಟಕಿ ಏರಿಸಿ ಪೊಳ್ಳಾಚಿಗೆ ಹೋಗಲು ಅವಿನಾಶಿಯ ಕಡೆಗೆ ಗಾಡಿ ತಿರುಗಿಸಿದಳು.